ಗುಂಡು ಹೊಕ್ಕರೂ ಉರಿಯದ ಜೆಪ್ಪೆಲಿನ್, ಹೀಲಿಯಂ ತುಂಬಿದರೂ ಉಳಿಯದ ವಾಯುನೌಕೆ: ಲೆಕ್ಕ ಬಿಡಿಸಿ ಹೇಳ್ರಿ

ತೊಗರಿ ಕಣಜ, ಕಲಬುರಗಿ:

ಗಟ್ಟಿ ಚೌಕಟ್ಟಿನ ವಾಯುನೌಕೆ, ಅಂದ್ರ ಜೆಪ್ಪೆಲಿನ್ ಜಾತಿಯವು, ಇವುಗಳ ಬಗ್ಗೆ ಮೂರು ಮಾತು ತಿಳೀವಲ್ದು.

ಒಂದು: 1915ರಾಗ ಲಂಡನ್ ಮ್ಯಾಲ ಬಾಂಬ್ ಹಾಕಲಿಕ್ಕೆ ಬಂದ ನೌಕೆಗಳ ಹೊಟ್ಟಿ ತುಂಬ ಹೈಡ್ರೋಜನ್. ಒಂದು ಕಿಡಿ ಬಿದ್ರ ಸಾಕು ಅಂತೀವಿ. ಆದ್ರ ಬ್ರಿಟಿಷರ ವಿಮಾನದವರು ಗುಂಡು ಹಾರಿಸಿದ್ರೂ 1916ರ ಸೆಪ್ಟೆಂಬರ್ ತನಕ ಅವರ ನೆಲದ ಮ್ಯಾಲ ಒಂದೂ ಉರಿದು ಬೀಳಲಿಲ್ಲ. ಯಾಕ?

ಎರಡು: ಅಮೆರಿಕದ ನೌಕಾಪಡೆ ಹೀಲಿಯಂ ತುಂಬಿ ನಾಲ್ಕು ದೊಡ್ಡ ನೌಕೆ ಹಾರಿಸ್ತು. ಬೆಂಕಿ ಭಯ ಇಲ್ಲ. ಆದ್ರೂ ನಾಲ್ಕರಾಗ ಮೂರು ಬಿದ್ದು ಹೋದವು. ಹಂಗಾದ್ರ ಬೆಂಕಿನೇ ಮುಖ್ಯ ಶತ್ರು ಅಲ್ಲೇನು?

ಮೂರು: ಬ್ರಿಟಿಷರು ಇಂಗ್ಲೆಂಡಿನಿಂದ ಕರಾಚಿ ತನಕ ವಾಯುನೌಕೆ ಓಡಿಸಬೇಕು ಅಂತ ಹಟ ಹಿಡಿದಿದ್ರು. ನಮ್ಮ ಕಡಿ ಮೇ ತಿಂಗಳ ಬಿಸಲಾಗ, 43 ಡಿಗ್ರಿ ಇದ್ದಾಗ, ಅಂಥಾದ್ದು ನೆಲ ಬಿಟ್ಟು ಏಳ್ತಿತ್ತೇನು?

ಇದರ ಜೊತಿಗೆ, ಸಾಲಿ ಹುಡುಗರು ವಿಜ್ಞಾನ ಪ್ರದರ್ಶನಕ್ಕ ಹಿಂಡೆನ್‌ಬರ್ಗ್ ಅನ್ನೋ ಜರ್ಮನಿಯ ದೊಡ್ಡ ಜೆಪ್ಪೆಲಿನ್‌ದ ಮಾದರಿ ಮಾಡ್ತೀವಿ, 200ಕ್ಕೆ 1ರ ಅಳತಿ, ಖರೇನ ಹಾರಸ್ತೀವಿ ಅಂತ ಕೂತಾರ. ಅದು ಆಗೋ ಮಾತೇನು ಅಂತಾನೂ ಗೊತ್ತಿದ್ದವರು ಹೇಳ್ರಿ.

ಬಿದರಿ ಕುಸುರಿ, ಬೀದರ್:

ಮೊದಲನೇ ಪ್ರಶ್ನೆಗೆ ಉತ್ತರ ನೌಕೆಯ ಹೊಟ್ಟೆಯೊಳಗೇ ಇದೆ. ಹೊರಗಿನಿಂದ ಒಂದೇ ದೊಡ್ಡ ಬಲೂನಿನ ಹಾಗೆ ಕಾಣುತ್ತದೆ, ಆದರೆ ಅದು ಬಲೂನಲ್ಲ. ಲೋಹದ ಜಾಲರಿ ತೊಲೆಗಳಿಂದ ಮಾಡಿದ ಬಳೆಗಳ ಸಾಲು. ಬಳೆಯಿಂದ ಬಳೆಗೆ, ಮೂತಿಯಿಂದ ಬಾಲದವರೆಗೆ ಹಾಯುವ ಉದ್ದ ತೊಲೆಗಳು. ದೊಡ್ಡ ಬಳೆಗಳ ಒಳಗೆ ಸೈಕಲ್ ಚಕ್ರದ ಕಡ್ಡಿಗಳಂತೆ ಎಳೆದು ಬಿಗಿದ ಉಕ್ಕಿನ ತಂತಿ. ಹೀಗೆ ಆದ ಒಂದೊಂದು ಖಾನೆಯಲ್ಲೂ ಒಂದೊಂದು ಗ್ಯಾಸ್ ಚೀಲ. 1900ರ ಜುಲೈ 2ರಂದು ಬೋಡೆನ್ಸೆ ಸರೋವರದ ಮೇಲೆ ಎದ್ದ ಮೊದಲ ಜೆಪ್ಪೆಲಿನ್ 128 ಮೀಟರ್ ಉದ್ದವಿತ್ತು; ಅದರಲ್ಲೇ 17 ಚೀಲ ಇದ್ದವು. ಮೇಲಿನ ಬಟ್ಟೆ ಗ್ಯಾಸ್ ಹಿಡಿಯುವುದಕ್ಕಲ್ಲ. ಗಾಳಿ ನುಣುಪಾಗಿ ಜಾರಲಿ, ಮಳೆ ಬಿಸಿಲು ಒಳಗೆ ಹೋಗದಿರಲಿ ಅಂತ ಹತ್ತಿ ಬಟ್ಟೆಗೆ ಮೆರುಗಿನ ದ್ರಾವಣ ಬಳಿದು ಎಳೆದು ಕಟ್ಟಿದ ಹೊದಿಕೆ, ಅಷ್ಟೇ.

ಚೀಲಗಳನ್ನು ಯಾವುದರಿಂದ ಮಾಡುತ್ತಿದ್ದರು ಅನ್ನೋದು ಕೇಳಬೇಕಾದ ಮಾತು. ಹೈದರಾಬಾದಿನಲ್ಲಿ ಬೆಳ್ಳಿ ವರಖ್ ಬಡಿಯುವವರು ಹಾಳೆಗಳ ನಡುವೆ ದನದ ಕರುಳಿನ ಪೊರೆ ಇಟ್ಟು ಬಡಿಯುತ್ತಿದ್ದರಲ್ಲ, ಅದೇ ಪೊರೆ. ರಬ್ಬರ್ ಬಟ್ಟೆಗಿಂತ ಹಗುರ, ಹೈಡ್ರೋಜನ್ ಸೋರುವುದೂ ಕಡಿಮೆ, ಉಜ್ಜಿದರೆ ಸ್ಥಿರ ವಿದ್ಯುತ್ತಿನ ಕಿಡಿಯೂ ಹಾರುವುದಿಲ್ಲ. ಒಂದು ದನದಿಂದ ಸಿಗುವುದು ಸಣ್ಣ ಹಾಳೆ. ಒದ್ದೆಯಿರುವಾಗಲೇ ಕೊಬ್ಬು ಕೆರೆದು, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ತೆಳ್ಳನೆ ಹತ್ತಿ ಬಟ್ಟೆಗೆ ಅಂಟಿಸಬೇಕು. ಯುದ್ಧಕಾಲದ ಒಂದು ದೊಡ್ಡ ನೌಕೆಗೆ ಎರಡು ಲಕ್ಷಕ್ಕೂ ಹೆಚ್ಚು ದನಗಳ ಕರುಳು ಬೇಕಾಗುತ್ತಿತ್ತು. ಜರ್ಮನಿಯಲ್ಲಿ ಸಾಸೇಜ್ ತಿನ್ನುವವರಿಗೆ ಕರುಳಿನ ಕೊರತೆ ಬಿದ್ದದ್ದು ಇದರಿಂದಲೇ.

ಈಗ ಗುಂಡಿನ ಮಾತು. ಹೈಡ್ರೋಜನ್ ತಾನೊಂದೇ ಉರಿಯುವುದಿಲ್ಲ. ಗಾಳಿಯ ಜೊತೆ ನೂರಕ್ಕೆ 4ರಿಂದ 75 ಪಾಲು ಬೆರೆತಾಗ ಮಾತ್ರ ಉರಿಯುತ್ತದೆ. ಚೀಲದೊಳಗೆ ಇರುವುದು ಹೆಚ್ಚು ಕಡಿಮೆ ಶುದ್ಧ ಹೈಡ್ರೋಜನ್. ಸಾದಾ ಸೀಸದ ಗುಂಡು ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬಿದ್ದರೆ ಉಳಿಯುವುದು 8 ಮಿಲಿಮೀಟರಿನ ಎರಡು ತೂತು. ಒಳಗಿನ ಒತ್ತಡವೂ ದೊಡ್ಡದೇನಲ್ಲ. ಚೀಲದ ತಳದಲ್ಲಿ ಬಹುತೇಕ ಸೊನ್ನೆ, 20 ಮೀಟರ್ ಮೇಲೆ ನೆತ್ತಿಯಲ್ಲಿ ಸುಮಾರು 22 ಮಿಲಿಮೀಟರ್ ನೀರಿನ ಒತ್ತಡ. ಲೆಕ್ಕ ಹಾಕಿದರೆ ನೆತ್ತಿಯ ಒಂದು ತೂತಿನಿಂದ ಗಂಟೆಗೆ 7-8 ಘನಮೀಟರ್ ಸೋರುತ್ತದೆ, ಕೆಳಗಿನ ತೂತುಗಳಿಂದ ಇನ್ನೂ ಕಡಿಮೆ. 55 ಸಾವಿರ ಘನಮೀಟರಿನ ನೌಕೆಗೆ ಇಂಥ ನೂರು ತೂತಾದರೂ ಮನೆಗೆ ಮರಳುವಷ್ಟು ಸಮಯ ಇರುತ್ತಿತ್ತು. ಸಿಬ್ಬಂದಿಯಲ್ಲಿ ಹೊದಿಕೆ, ಚೀಲ ಹೊಲಿಯುವವನೊಬ್ಬ ಇರುತ್ತಿದ್ದ. ತೇಪೆ, ಅಂಟು ಹಿಡಿದು ಹಾರಾಟದ ನಡುವೆಯೇ ಹತ್ತಿ ಇಳಿದು ಮುಚ್ಚುವುದು ಅವನ ಕೆಲಸ.

ಬ್ರಿಟಿಷರು ಕಂಡುಕೊಂಡದ್ದು ಎರಡು ಹೆಜ್ಜೆಯ ದಾರಿ. ಮೊದಲು ಚೀಲ ಹರಿದು ಗ್ಯಾಸ್ ಗಾಳಿಯೊಡನೆ ಬೆರೆಯಬೇಕು, ಆಮೇಲೆ ಅದೇ ಜಾಗಕ್ಕೆ ಬೆಂಕಿ ತಲುಪಬೇಕು. ಪೊಮೆರಾಯ್, ಬ್ರಾಕ್ ಗುಂಡುಗಳು ತಾಕಿದೊಡನೆ ಸಿಡಿಯುವವು, ಬಕಿಂಗ್‌ಹ್ಯಾಮ್ ಗುಂಡು ರಂಜಕ ಉರಿಸುತ್ತ ಹೋಗುವಂಥದ್ದು. ಲೂಯಿಸ್ ಬಂದೂಕಿನ ಡ್ರಮ್ಮಿಗೆ ಇವನ್ನು ಬೆರೆಸಿ ತುಂಬಿದರು. 1916ರ ಸೆಪ್ಟೆಂಬರ್ 3ರ ನಸುಕಿನಲ್ಲಿ ವಿಲಿಯಂ ಲೀಫ್ ರಾಬಿನ್ಸನ್ ಲಂಡನ್ನಿನ ಉತ್ತರಕ್ಕೆ ಎಸ್‌ಎಲ್ 11 ಅನ್ನೋ ಜರ್ಮನ್ ನೌಕೆಯ ಮೇಲೆ ಎರಡು ಡ್ರಮ್ ಉದ್ದಕ್ಕೂ ಚೆಲ್ಲಿದ. ಏನೂ ಆಗಲಿಲ್ಲ. ಮೂರನೆಯದನ್ನು ಬಾಲದ ಕೆಳಗೆ ಒಂದೇ ಜಾಗಕ್ಕೆ ಸುರಿದ. ಹೊತ್ತಿಕೊಂಡಿತು. ಒಳಗಿದ್ದ 16 ಜನರೂ ಸತ್ತರು. ಗುಂಡು ಎಷ್ಟು ಅನ್ನೋದಕ್ಕಿಂತ ಎಲ್ಲವೂ ಒಂದೇ ಕಡೆ ಬಿದ್ದದ್ದು ಮುಖ್ಯ.

ಆ ನೌಕೆಯನ್ನು ಪತ್ರಿಕೆಗಳು ಜೆಪ್ಪೆಲಿನ್ ಅಂತ ಬರೆದವು, ಆದರೆ ಅದು ಶ್ಯೂಟ್ಟೆ-ಲಾಂಟ್ಸ್ ಕಂಪನಿಯದು, ಚೌಕಟ್ಟು ಕಟ್ಟಿಗೆಯದು. ತೆಳು ಪ್ಲೈವುಡ್ ಅಂಟಿಸಿ ಮಾಡಿದ ತೊಲೆ. ಹಗುರವೇನೋ ಹೌದು, ಆದರೆ ಉತ್ತರ ಸಮುದ್ರದ ತೇವಕ್ಕೆ ಅಂಟು ಬಿಡುತ್ತಿತ್ತು, ಕಟ್ಟಿಗೆ ನೀರು ಕುಡಿದು ತೂಕ ಏರುತ್ತಿತ್ತು. ನೌಕಾಪಡೆಯವರಿಗೆ ಅದು ಕೊನೆತನಕ ಒಗ್ಗಲಿಲ್ಲ. ಜೆಪ್ಪೆಲಿನ್ ಕಂಪನಿ 1914ರ ಹೊತ್ತಿಗೆ ಡುರಾಲ್ಯುಮಿನ್‌ಗೆ ಬಂತು. ಅಲ್ಯುಮಿನಿಯಮ್ಮಿಗೆ ನೂರಕ್ಕೆ ನಾಲ್ಕರಷ್ಟು ತಾಮ್ರ, ಅರೆಪಾಲಿನಷ್ಟು ಮೆಗ್ನೀಸಿಯಂ. ನಮ್ಮ ಬಿದರಿಯಲ್ಲಿ ಸತುವಿಗೆ ಒಂದಿಷ್ಟು ತಾಮ್ರ ಬೆರೆಸುವಂತೆಯೇ, ಉದ್ದೇಶ ಬೇರೆ. 500 ಡಿಗ್ರಿಯ ಹತ್ತಿರ ಕಾಸಿ ತಣ್ಣೀರಿಗೆ ಅದ್ದಿ ಸುಮ್ಮನೆ ಬಿಟ್ಟರೆ ಮೂರು ನಾಲ್ಕು ದಿನದಲ್ಲಿ ತಾನಾಗಿ ಗಟ್ಟಿಯಾಗುತ್ತದೆ. ಆಲ್ಫ್ರೆಡ್ ವಿಲ್ಮ್ 1906ರಲ್ಲಿ ಕಂಡುಹಿಡಿದದ್ದು.

ಹಳೇ ವಾಡಿ ಪ್ಯಾಸೆಂಜರ್, ವಾಡಿ:

ಕುಸುರಿಯವರು ಹೇಳಿದ್ದು ಬರೋಬ್ಬರಿ ಅದ. ಒಂದು ಸೇರಸ್ತೀನಿ. ಗುಂಡಿಲ್ಲದನೂ ಒಂದು ಸುಟ್ಟಿದ್ರು. 1915ರ ಜೂನ್ 7ಕ್ಕ ಬೆಲ್ಜಿಯಂನ ಘೆಂಟ್ ಹತ್ರ ವಾರ್ನ್‌ಫರ್ಡ್ ಅನ್ನಾವ ಎಲ್‌ಜೆಡ್ 37ರ ಮ್ಯಾಲ ಏರಿ ಬೆನ್ನಿಗೆ ಬಾಂಬ್ ಒಗದ. ಮ್ಯಾಲಿಂದ ಹರಿದು, ಗ್ಯಾಸ್ ಗಾಳಿಗೆ ಬಂದು, ಉರಿ ಎದ್ದದ್ದು. ತತ್ವ ಅದೇ ಅದ.

ಯುದ್ಧದಾಗ ಇವುಗಳ ಉಪಯೋಗ ಅಂದ್ರ ಎಲ್ಲರೂ ಲಂಡನ್ ಬಾಂಬ್ ಅಂತಾರ. ಅದು ಅರ್ಧ ಮಾತು. ಬ್ರಿಟನ್ ಮ್ಯಾಲ ವಾಯುನೌಕೆಗಳ ದಾಳಿ ಒಟ್ಟು 51, ಸತ್ತವರು 557, ಗಾಯ ಆದವರು 1,358. ಮೊದಲನೇದು 1915ರ ಜನವರಿ 19ರ ರಾತ್ರಿ ಗ್ರೇಟ್ ಯಾರ್ಮತ್, ಕಿಂಗ್ಸ್ ಲಿನ್ ಮ್ಯಾಲ. ಲಂಡನ್ ಮ್ಯಾಲ ಮೊದಲ ಸಲ ಮೇ 31ಕ್ಕ. ಬಾಂಬ್ ಗುರಿ ಅನ್ನೋದು ನಗಿ ಬರೋ ಹಂಗಿತ್ತು. ಕತ್ತಲಾಗ, ಮೋಡದ ಮ್ಯಾಲ, ಗಾಳಿ ಎತ್ತ ಒಯ್ತದ ಗೊತ್ತಿಲ್ಲ. ರೇಡಿಯೊದಾಗ ತಮ್ಮ ಠಾಣ್ಯಾಗಳಿಗೆ ದಿಕ್ಕು ಕೇಳಬೇಕಿತ್ತು. ಅದನ್ನ ಬ್ರಿಟಿಷರೂ ಕೇಳಸ್ಕೊಂತಿದ್ರು. ಎಷ್ಟೋ ಸಲ ಕಮಾಂಡರ್ ಒಂದು ಊರು ಸುಟ್ಟೆ ಅಂತ ವರದಿ ಬರದಾಗ ಬಾಂಬ್ ಬಿದ್ದದ್ದು ಹೊಲದಾಗ.

ನೌಕಾಪಡಿಗೆ ಇವು ಖರೇ ಬೇಕಾಗಿದ್ದು ಕಣ್ಣಾಗಿ. ಉತ್ತರ ಸಮುದ್ರದ ಮ್ಯಾಲ ಸಾವಿರಕ್ಕೂ ಹೆಚ್ಚು ಸಲ ಗಸ್ತು ತಿರುಗ್ಯಾವ: ಶತ್ರು ಹಡಗು ಎಲ್ಲಿ ಅವ, ಮೈನ್ ಎಲ್ಲಿ ಹಾಕ್ಯಾರ, ತಮ್ಮ ಮೈನ್ ತೆಗಿಯೋ ದೋಣಿಗಳಿಗೆ ಕಾವಲು. ಆಗಿನ ವಿಮಾನಕ್ಕ ಮೂರು ನಾಲ್ಕು ತಾಸಿನ ಪೆಟ್ರೋಲ್, ಇದಕ್ಕ ಇಡೀ ದಿನ. ಆದ್ರ ಮಂಜು ಬಿದ್ರ ಕುರುಡು. 1916ರ ಮೇ 31ರ ಜಟ್‌ಲ್ಯಾಂಡ್ ಕದನದ ದಿನ ಎದ್ದ ನೌಕೆಗಳಿಗೆ ಕಂಡದ್ದು ಮೋಡ ಮಾತ್ರ.

ಇನ್ನ ನೆಲದ ಮ್ಯಾಲಿನ ಕಷ್ಟ. ಹ್ಯಾಂಗರ್, ಅಂದ್ರ ನೌಕೆ ಇಡೋ ದೊಡ್ಡ ಶೆಡ್, ಅದರಿಂದ ಹೊರಗ ಎಳೀಲಿಕ್ಕೆ ಮುನ್ನೂರು ಜನ ಬೇಕು. ಬಾಗಲಕ್ಕ ಅಡ್ಡ ಗಾಳಿ ಬೀಸಿದ್ರ ಒಂದು ತುದಿ ಒಳಗ, ಒಂದು ತುದಿ ಹೊರಗ ಇರೋವಾಗ ಬೆನ್ನು ಮುರಿತಿತ್ತು. ಅದಕ್ಕ ನೋರ್ಡ್‌ಹೋಲ್ಟ್ಸ್‌ದಾಗ ಗಾಳಿ ದಿಕ್ಕಿಗೆ ತಿರಗೋ ಹ್ಯಾಂಗರ್ ಕಟ್ಟಿದ್ರು, ಎರಡು ನೌಕೆ ಹಿಡಿಯೋ ಅಷ್ಟು ದೊಡ್ಡದು. ಅದೂ ಒಂದೇ. ಉಳಿದ ಕಡಿ ಗಾಳಿ ತಿರಗೋ ತನಕ ಕಾಯೋದೇ. ಹೊರಗಿನ ಶತ್ರುಕ್ಕಿಂತ ಹ್ಯಾಂಗರ್ ಒಳಗ ಹೋದವು ಕಡಿಮಿ ಏನಿಲ್ಲ: 1918ರ ಜನವರಿ 5ಕ್ಕ ಆಲ್‌ಹೋರ್ನ್‌ದಾಗ ಬೆಂಕಿ ಬಿದ್ದು ನಿಮಿಷದೊಳಗ ಐದು ನೌಕೆ, ನಾಲ್ಕು ಹ್ಯಾಂಗರ್ ಹೋದವು. ಅದೇ ವರ್ಷ ಜುಲೈ 19ಕ್ಕ ಫ್ಯೂರಿಯಸ್ ಹಡಗಿನಿಂದ ಎದ್ದ ಏಳು ಕ್ಯಾಮಲ್ ವಿಮಾನ ಟೋಂಡರ್ನ್‌ದಾಗ ಎರಡನ್ನ ಸುಟ್ಟವು. ವಿಮಾನ ಹೊತ್ತ ಹಡಗಿಂದ ಎದ್ದು ನೆಲದ ಗುರಿ ಹೊಡದ ಮೊದಮೊದಲ ದಾಳ್ಯಾಗ ಇದೊಂದು.

ಭೀಮಾ ದಂಡೆ, ಯಾದಗಿರಿ:

ನಾನು ಬಿಸಿಲು, ಎತ್ತರ, ತೂಕದ ಲೆಕ್ಕ ಹೇಳ್ತೀನಿ. ಎರಡನೇ ಮೂರನೇ ಪ್ರಶ್ನೆಗಳ ಬೇರು ಅಲ್ಲಿದೆ.

ಸಮುದ್ರಮಟ್ಟ, 15 ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿಯ ತೂಕ 1.225 ಕಿಲೊ. ಅಷ್ಟೇ ಜಾಗದ ಹೈಡ್ರೋಜನ್ 85 ಗ್ರಾಂ, ಹೀಲಿಯಂ 170 ಗ್ರಾಂ. ಅಂದರೆ ಹೈಡ್ರೋಜನ್ ಎತ್ತುವುದು 1.14 ಕಿಲೊ, ಹೀಲಿಯಂ 1.055. ನೂರಕ್ಕೆ ಏಳು ಪಾಲಿನ ಫರಕು, ಅದೇನು ದೊಡ್ಡದು ಅನಿಸುತ್ತದೆ. ಹಿಂಡೆನ್‌ಬರ್ಗ್‌ನ 2 ಲಕ್ಷ ಘನಮೀಟರಿಗೆ ಗುಣಿಸಿ ನೋಡಿರಿ: 228 ಟನ್ ಮತ್ತು 211 ಟನ್. ಚೌಕಟ್ಟು, ಎಂಜಿನ್, ಹೊದಿಕೆಯ ತೂಕ ಗ್ಯಾಸ್ ಬದಲಾದರೂ ಅಷ್ಟೇ ಇರುತ್ತದೆ. ಹಾಗಾಗಿ ಕಡಿಮೆಯಾದ 17 ಟನ್ ಪೂರ್ತಿ ಡೀಸೆಲ್, ಜನ, ಸಾಮಾನಿನ ಪಾಲಿನಿಂದಲೇ ಹೋಗುತ್ತದೆ.

ಎತ್ತರಕ್ಕೆ ಏರಿದಂತೆ ಗಾಳಿ ತೆಳುವಾಗುತ್ತದೆ, ಚೀಲದ ಗ್ಯಾಸ್ ಹಿಗ್ಗುತ್ತದೆ. ಕೈಲೆಕ್ಕಕ್ಕೆ, 100 ಮೀಟರಿಗೆ ನೂರಕ್ಕೊಂದು ಪಾಲು. ಬೀದರಿನ 660 ಮೀಟರಿನಲ್ಲಿ ನಿಂತಲ್ಲೇ ಆರು ಪಾಲು ಹೋಯಿತು. ಚೀಲ ತುಂಬಿದ ಮೇಲೂ ಏರಿದರೆ ತಾನಾಗಿ ತೆರೆಯುವ ಕವಾಟದಿಂದ ಗ್ಯಾಸ್ ಹೊರಗೆ ಬಿಡಲೇಬೇಕು, ಇಲ್ಲವಾದರೆ ಚೀಲ ಉಬ್ಬಿ ಬಳೆಗಳನ್ನೇ ಮುರಿಯುತ್ತದೆ. 6,000 ಮೀಟರಿಗೆ ಹೋಗುವ ಹೊತ್ತಿಗೆ ಹೆಚ್ಚು ಕಡಿಮೆ ಅರ್ಧ ಗ್ಯಾಸ್ ಆಕಾಶದ ಪಾಲು. 55 ಸಾವಿರ ಘನಮೀಟರಿನ ನೌಕೆ ಕೆಳಗೆ 60 ಟನ್ ಎತ್ತಿದರೆ ಅಲ್ಲಿ ಎತ್ತುವುದು 33 ಟನ್. ಚೌಕಟ್ಟು, ಎಂಜಿನ್, ಬಾಂಬ್, ಮನುಷ್ಯರು ಎಲ್ಲ ಸೇರಿ ಅಷ್ಟರಲ್ಲೇ ಮುಗಿಯಬೇಕು.

ಈಗ ಕಲಬುರಗಿ. ಎತ್ತರ ಸುಮಾರು 450 ಮೀಟರ್, ಮೇ ಮಧ್ಯಾಹ್ನ 43 ಡಿಗ್ರಿ. ಗಾಳಿಯ ತೂಕ ಘನಮೀಟರಿಗೆ 1.05 ಕಿಲೊಗೆ ಇಳಿಯುತ್ತದೆ. ತುಂಬಿದ ಹಿಂಡೆನ್‌ಬರ್ಗ್ 228ರ ಬದಲು 196 ಟನ್ ಎತ್ತೀತು. ಡಿಸೆಂಬರಿನ ನಸುಕಿನಲ್ಲಾದರೆ 216. ಅಂದರೆ ಏಳುವುದೇನೋ ಏಳುತ್ತದೆ ರೀ, ಆದರೆ ಒಂದೇ ಊರಿನಲ್ಲಿ ಒಂದೇ ನೌಕೆಗೆ ಋತು ಬದಲಾದರೆ 20 ಟನ್ ಫರಕು.

ಆದರೆ ನಿಜವಾದ ತೊಂದರೆ ಅದಲ್ಲ. ಗಾಳಿಯೂ ಗ್ಯಾಸೂ ಸಮನಾಗಿ ಕಾದರೆ, ಚೀಲದಲ್ಲಿ ಹಿಗ್ಗಲು ಜಾಗ ಉಳಿದಿದ್ದರೆ, ಎತ್ತುವ ಶಕ್ತಿ ಬದಲಾಗುವುದೇ ಇಲ್ಲ. ಬಿಸಿಲಿಗೆ ಹೊದಿಕೆ ಕಾದು ಒಳಗಿನ ಗ್ಯಾಸ್ ಹೊರಗಿನ ಗಾಳಿಗಿಂತ 10 ಡಿಗ್ರಿ ಹೆಚ್ಚು ಬಿಸಿಯಾದರೆ ನೂರಕ್ಕೆ ಮೂರೂವರೆ ಪಾಲು ಪುಕ್ಕಟೆ ಶಕ್ತಿ ಬರುತ್ತದೆ. ನೌಕೆ ಮೇಲೆ ಎಳೆಯುತ್ತದೆ, ಅದನ್ನು ಹಿಡಿಯಲು ಗ್ಯಾಸ್ ಬಿಡುತ್ತೀರಿ. ಸೂರ್ಯ ಮುಳುಗಿದ ಮೇಲೆ ಗ್ಯಾಸ್ ತಣ್ಣಗಾಗಿ ಆ ಪುಕ್ಕಟೆಯದು ವಾಪಸ್ ಹೋಗುತ್ತದೆ, ಬಿಟ್ಟ ಗ್ಯಾಸಂತೂ ಬರುವುದಿಲ್ಲ. ಈಗ ಎರಡು ಕಡೆ ನಷ್ಟ.

ಇದು ಬರೀ ಕಾಗದದ ಲೆಕ್ಕವಲ್ಲ. 1917ರ ನವೆಂಬರ್ 21ರಂದು ಜರ್ಮನ್ ನೌಕೆ ಎಲ್ 59 ಬಲ್ಗೇರಿಯದ ಯಾಂಬೊಲ್‌ನಿಂದ ಪೂರ್ವ ಆಫ್ರಿಕಾದ ಜರ್ಮನ್ ಪಡೆಗೆ ಸುಮಾರು 15 ಟನ್ ಸಾಮಾನು ಹೊತ್ತು ಹೊರಟಿತು. ನಮ್ಮ ಲೆಕ್ಕದಲ್ಲಿ 150 ಕ್ವಿಂಟಲ್ ತೊಗರಿ. ಮದ್ದುಗುಂಡು, ಮಷಿನ್‌ಗನ್, ಔಷಧ. ಮರಳಿ ಬರುವ ಯೋಚನೆಯೇ ಇರಲಿಲ್ಲ, ಅಲ್ಲಿ ಹೈಡ್ರೋಜನ್ ಸಿಗದು. ಆದ್ದರಿಂದ ನೌಕೆಯನ್ನೇ ಬಿಚ್ಚಿ ಬಳಸುವ ಹಾಗೆ ಕಟ್ಟಿದ್ದರು: ಹೊದಿಕೆಯಿಂದ ಡೇರೆ, ಚೀಲದ ಬಟ್ಟೆಯಿಂದ ಗಾಯದ ಪಟ್ಟಿ, ಡುರಾಲ್ಯುಮಿನ್‌ನಿಂದ ರೇಡಿಯೊ ಕಂಬ. ಮರುಭೂಮಿಯ ಮೇಲೆ ಹಗಲು ಕಾದು ಗ್ಯಾಸ್ ಹೋಯಿತು, ರಾತ್ರಿ ತಣ್ಣಗಾಗಿ ನೌಕೆ ನೆಲದ ಕಡೆಗೆ ಕುಸಿಯತೊಡಗಿತು. 68,500 ಘನಮೀಟರಿಗೆ 10 ಡಿಗ್ರಿಯ ಫರಕೆಂದರೆ ಎರಡೂವರೆ ಟನ್. ನೀರು ಸುರಿದರು, ಸಾಲದ್ದಕ್ಕೆ ಮದ್ದುಗುಂಡಿನ ಪೆಟ್ಟಿಗೆಗಳನ್ನೂ ಎಸೆದು ಉಳಿಸಿಕೊಂಡರು. ಮುಂದಿನ ಎಂಜಿನ್ ಕೆಟ್ಟಿತ್ತು. ರೇಡಿಯೊ ಕಳಿಸುವ ಜನರೇಟರ್ ಅದಕ್ಕೇ ಜೋಡಿಸಿದ್ದರಿಂದ ಕೇಳಲು ಬರುತ್ತಿತ್ತು, ಹೇಳಲು ಬರುತ್ತಿರಲಿಲ್ಲ. ಖಾರ್ಟೂಮ್ ಹತ್ತಿರ ಇದ್ದಾಗ ವಾಪಸ್ ಬರಲು ಆದೇಶ ಬಂತು. 95 ಗಂಟೆ, ಸುಮಾರು 6,800 ಕಿಲೊಮೀಟರ್ ಹಾರಿ ಹೊರಟಲ್ಲಿಗೇ ಇಳಿಯಿತು.

ತೊಗರಿ ಕಣಜ:

ದಂಡೆಯವರ, 6,000 ಮೀಟರಿನ ಲೆಕ್ಕ ನೋಡಿ ಇನ್ನೊಂದು ಸಂಶಯ. ಅಷ್ಟು ಎತ್ತರಕ್ಕ ಹೋಗೋ ದರ್ದು ಏನಿತ್ತು? ಮತ್ತ ಅಮೆರಿಕದವು ಅಷ್ಟು ಎತ್ತರ ಹಾರಲೇ ಇಲ್ಲಲ್ರಿ. ಅವು ಯಾಕ ಮುರದವು?

ಬಿದರಿ ಕುಸುರಿ:

ಎರಡಕ್ಕೂ ನಂಟಿದೆ. ಬಹಳ ಜನ ಇದನ್ನು ಬಿಟ್ಟೇಬಿಡುತ್ತಾರೆ.

ಸಿಡಿಗುಂಡು ಬಂದ ಮೇಲೆ ಜರ್ಮನ್ ನೌಕಾಪಡೆಯ ವಾಯುನೌಕೆಗಳ ಮುಖ್ಯಸ್ಥ ಪೀಟರ್ ಸ್ಟ್ರಾಸರ್‌ಗೆ ಒಂದೇ ದಾರಿ ಉಳಿಯಿತು: ವಿಮಾನ ತಲುಪದ ಎತ್ತರ. 33 ಟನ್‌ನೊಳಗೆ ಎಲ್ಲ ಮುಗಿಸಬೇಕು ಅಂದರೆ ಎಲ್ಲಿ ಕಡಿಯುವುದು? 1917ರಲ್ಲಿ ಆರು ಎಂಜಿನ್ ಐದಾದವು. ನೆತ್ತಿಯ ಮೇಲಿನ ಮಷಿನ್‌ಗನ್ ಹೋಯಿತು, ಮಲಗುವ ಜಾಗ ಹೋಯಿತು, ಬಾಂಬ್ ತೂಗುವ ಕೊಕ್ಕೆಗಳು ಅರ್ಧವಾದವು. ಕೊನೆಗೆ ತೊಲೆಗಳನ್ನೇ ತೆಳು ಮಾಡಿದರು. ತೆಳು ಗಾಳಿಯಲ್ಲಿ ಚುಕ್ಕಾಣಿ ಎಷ್ಟು ತಿರುಗಿಸಿದರೂ ಮೈಮೇಲೆ ಬೀಳುವ ಒತ್ತಡ ಕಡಿಮೆ, ಹಾಗಾಗಿ ನಡೆಯಿತು. ಕೆಳಗಿನ ದಪ್ಪ ಗಾಳಿಯಲ್ಲಿ ಜೋರಾಗಿ ಹೋಗುತ್ತ ಚುಕ್ಕಾಣಿ ಪೂರ್ತಿ ಎಳೆಯಬಾರದು ಅನ್ನೋದು ಆ ನೌಕೆಗಳನ್ನು ನಡೆಸುವವರಿಗೆ ಗೊತ್ತಿತ್ತು.

ಮೇಲೆ ಹೋದರೆ ಸುಖವೇನೂ ಇರಲಿಲ್ಲ. ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿ, ಉಸಿರಿಗೆ ಆಮ್ಲಜನಕ ಸಾಲದು, ಎಂಜಿನ್ ಶಕ್ತಿ ಅರ್ಧ. 1917ರ ಅಕ್ಟೋಬರ್ 19ರ ರಾತ್ರಿ 11 ನೌಕೆ ಹೊರಟವು. ನೆಲದ ಮೇಲೆ ಗಾಳಿ ಸುಮ್ಮನಿತ್ತು, ಮೇಲೆ ಉತ್ತರದಿಂದ ಬಿರುಗಾಳಿ. ಸಿಕ್ಕಿ ಫ್ರಾನ್ಸಿನ ಕಡೆಗೆ ತೂರಿಹೋದವು, ಐದು ಕಳೆದುಹೋದವು. ಅದರಲ್ಲಿ ಎಲ್ 49 ಬೂರ್ಬೊನ್-ಲೆ-ಬಾಂ ಹತ್ತಿರ ಹೆಚ್ಚು ಪೆಟ್ಟಿಲ್ಲದೆ ಫ್ರೆಂಚರ ಕೈಗೆ ಸಿಕ್ಕಿತು. ಇಂಚಿಂಚು ಅಳೆದು ನಕ್ಷೆ ಮಾಡಿಕೊಂಡರು.

ಎಡವಟ್ಟು ಆದದ್ದು ಅಲ್ಲಿಂದ ಮುಂದೆ. ಯುದ್ಧ ಮುಗಿದ ಮೇಲೆ ಎಲ್ಲರೂ ನಕಲು ಮಾಡಿದ್ದು ಈ ಸಣಕಲು ಜಾತಿಯನ್ನೇ. ಬ್ರಿಟನ್ನಿನ ಆರ್ 38ರ ವಿನ್ಯಾಸವೂ ಎತ್ತರಕ್ಕಾಗಿ ತೂಕ ಕಳೆದದ್ದು. 1921ರ ಆಗಸ್ಟ್ 24ರಂದು ಹಲ್ ಊರಿನ ಮೇಲೆ ಕಡಿಮೆ ಎತ್ತರದಲ್ಲಿ ಚುಕ್ಕಾಣಿ ಪರೀಕ್ಷೆ ಮಾಡುವಾಗ ನಡು ಮುರಿಯಿತು, 44 ಸಾವು. ನಿಂತ ನೌಕೆಯ ತೂಕದ ಲೆಕ್ಕ ಹಾಕಿದ್ದರು, ತಿರುಗುವಾಗ ಗಾಳಿ ಪಕ್ಕದಿಂದ ಒತ್ತುವ ಲೆಕ್ಕ ಹಾಕಿರಲೇ ಇಲ್ಲ. ಅಮೆರಿಕದ ಷೆನಾಂಡೋವಾ ಹುಟ್ಟಿದ್ದು ಎಲ್ 49ರ ನಕ್ಷೆಯಿಂದ. ಅದು 1925ರ ಸೆಪ್ಟೆಂಬರ್ 3ರಂದು ಒಹಾಯೋದಲ್ಲಿ ಗುಡುಗುಮಳೆಯ ಮೋಡಕ್ಕೆ ಸಿಕ್ಕಿತು. ಏರುಗಾಳಿ ಮೂತಿ ಎತ್ತಿ, ಬಾಲ ಇಳಿಸಿ, ತುಂಡು ಮಾಡಿತು. 14 ಜನ ಸತ್ತರು. ಅಲ್ಲಿ ಹೀಲಿಯಂ ಸೇರಿಸಿದ ಒಂದು ಗಂಟೂ ಇತ್ತು. ದುಬಾರಿ ಗ್ಯಾಸ್ ಅಂತ ತಾನಾಗಿ ತೆರೆಯುವ ಕವಾಟಗಳಲ್ಲಿ ಒಂದಿಷ್ಟನ್ನು ತೆಗೆದಿದ್ದರು.

ಹೀಲಿಯಂ ಉಳಿಸುವ ಈ ಚಿಂತೆ ಹಗುರದ್ದಲ್ಲ. ಪೆಟ್ರೋಲ್ ಉರಿದಂತೆ ನೌಕೆ ಹಗುರಾಗುತ್ತದೆ. ಹೈಡ್ರೋಜನ್ ಆದರೆ ಅಷ್ಟು ಗ್ಯಾಸ್ ಬಿಟ್ಟು ಸರಿದೂಗಿಸಬಹುದು. ಹೀಲಿಯಂ ಬಿಡಲು ಮನಸ್ಸು ಬಾರದೆ ಅಮೆರಿಕನ್ನರು ಎಂಜಿನ್ ಹೊಗೆಯನ್ನು ತಂಪು ಮಾಡಿ ನೀರು ಹಿಡಿದರು. ಒಂದು ಕಿಲೊ ಪೆಟ್ರೋಲ್ ಉರಿದರೆ ಲೆಕ್ಕದಂತೆ ಒಂದು ಕಿಲೊ 400 ಗ್ರಾಂ ನೀರು. ಆಮೇಲೆ ಬಂದ ಅಮೆರಿಕದ ನೌಕೆಗಳು ಆಕ್ರನ್, ಮೇಕನ್, ಅವುಗಳ ಪಟಗಳಲ್ಲಿ ಪಕ್ಕೆಯ ಮೇಲೆ ಉದ್ದುದ್ದ ಕಪ್ಪು ಪಟ್ಟಿ ಕಾಣುತ್ತವಲ್ಲ, ಅವೇ ಆ ರೇಡಿಯೇಟರ್‌ಗಳು.

ಹಳೇ ವಾಡಿ ಪ್ಯಾಸೆಂಜರ್:

ಆಕ್ರನ್, ಮೇಕನ್‌ಗೆ ಸಣಕಲು ಚೌಕಟ್ಟಿನ ತಪ್ಪು ಹೊರಸಬ್ಯಾಡ್ರಿ, ಕುಸುರಿಯವರ. ಅವು ಗಟ್ಟಿಮುಟ್ಟಾದವು. 239 ಮೀಟರ್ ಉದ್ದ, 184 ಸಾವಿರ ಘನಮೀಟರ್, ಎಂಟು ಮೇಬಾಕ್ ಎಂಜಿನ್ ಒಳಗೇ. ಹೀಲಿಯಂ ಇದ್ದದ್ದಕ್ಕ ಎಂಜಿನ್ ಒಳಗ ಇಡೋ ಧೈರ್ಯ ಬಂತು. ಹೊಟ್ಟ್ಯಾಗ ಸ್ಪ್ಯಾರೋಹಾಕ್ ಅನ್ನೋ ಸಣ್ಣ ವಿಮಾನ. ಕೆಳಗ ಇಳಿಬಿಟ್ಟ ಅಡ್ಡಪಟ್ಟಿಗೆ ವಿಮಾನದವ ರೆಕ್ಕಿ ಮ್ಯಾಲಿನ ಕೊಕ್ಕಿ ಸಿಗಿಸಿ ತೂಗಬೇಕು, ಆಮ್ಯಾಲ ಒಳಗ ಎಳಕೊಂತಾರ. ಯೋಚನಿ ಛಲೋ ಇತ್ತು: ನೌಕೆ ದೂರ ಉಳಿದು, ವಿಮಾನಗಳು ಎರಡು ಕಡಿ ಹರಡಿ ಸಮುದ್ರ ಹುಡುಕೋದು. ಸೈನ್ಯದ ಉಪಯೋಗ ಅಂತ ಕೇಳಿದ್ರ ಇದೊಂದೇ ಬುದ್ಧಿವಂತ ಉಪಯೋಗ ಅಂತೀನಿ ನಾ.

ಆಕ್ರನ್ 1933ರ ಏಪ್ರಿಲ್ 4ಕ್ಕ ನ್ಯೂಜೆರ್ಸಿ ಕರಾವಳಿ ಹೊರಗ ಬಿರುಗಾಳ್ಯಾಗ ಬಾಲ ನೀರಿಗೆ ಬಡದು ಹೋತು. 76 ಜನರಾಗ 73 ಸತ್ರು. ಲೈಫ್ ಜಾಕೆಟ್ ಇಟ್ಟಿರಲಿಲ್ಲ, ತಣ್ಣೀರೇ ಕೊಂದದ್ದು. ಮೇಕನ್‌ದು ಇನ್ನೂ ಕೇಳ್ರಿ. 1934ರಾಗ ಟೆಕ್ಸಸ್ ಮ್ಯಾಲ ಹಾಯೋವಾಗ ಬಾಲದ ರೆಕ್ಕಿ ಹತ್ರದ ತೊಲಿ ಬಾಗಿದ್ವು. ತೇಪಿ ಹಾಕಿದ್ರು, ಪೂರ್ತಿ ಗಟ್ಟಿ ಮಾಡೋದು ಮುಂದ ಹಾಕ್ಕೋಂತ ಹೋದ್ರು. 1935ರ ಫೆಬ್ರವರಿ 12ಕ್ಕ ಕ್ಯಾಲಿಫೋರ್ನಿಯಾದ ಪಾಯಿಂಟ್ ಸರ್ ಹತ್ರ ಒಂದು ಹೊಡತಕ್ಕ ಮ್ಯಾಲಿನ ರೆಕ್ಕಿ ಕಿತ್ತು, ತುಂಡುಗಳು ಹಿಂದಿನ ಚೀಲಗಳನ್ನ ಹರದವು. ಅಷ್ಟಕ್ಕೇ ಸಾಯ್ತಿರಲಿಲ್ಲೋ ಏನೋ. ಬಾಲ ಇಳೀತದ ಅಂತ ಗಾಬರ್ಯಾಗಿ ನೀರು, ಎಣ್ಣಿ ಭಾಳ ಚೆಲ್ಲಿದ್ರು. ನೌಕೆ ಜಿಗಿದು ಚೀಲ ತುಂಬೋ ಎತ್ತರ ದಾಟಿ ಸುಮಾರು 1,500 ಮೀಟರ್ ಏರ್ತು. ಕವಾಟ ತಾನಾಗಿ ತೆರದು ಹೀಲಿಯಂ ಹೊರಗ. ದಂಡೆಯವರು ಹೇಳಿದ ಲೆಕ್ಕ ಅಲ್ಲಿ ಕೈಕೊಟ್ಟದ್ದು. ಈ ಸಲ ಲೈಫ್ ಜಾಕೆಟ್ ಇದ್ವು, 83ರಾಗ ಸತ್ತವರು ಇಬ್ಬರೇ.

ಸ್ಟ್ರಾಸರ್ ಸಾವನ್ನೂ ಹೇಳಿಬಿಡ್ತೀನಿ: 1918ರ ಆಗಸ್ಟ್ 5ಕ್ಕ ಹೊಚ್ಚ ಹೊಸ ಎಲ್ 70ರಾಗ ಬಂದ. ಡಿಎಚ್4 ವಿಮಾನ ಅಷ್ಟೊತ್ತಿಗೆ ಆ ಎತ್ತರಕ್ಕೂ ಏರೋದು ಕಲ್ತಿತ್ತು. ಬ್ರಿಟನ್ ಮ್ಯಾಲಿನ ದಾಳಿ ಅಲ್ಲಿಗೇ ಮುಗೀತು.

ಭೀಮಾ ದಂಡೆ:

ಕರಾಚಿ ಬಾಕಿ ಉಳಿಯಿತು. ಅಲ್ಲಿ 850 ಅಡಿ ಉದ್ದದ ಹ್ಯಾಂಗರ್, ಕಟ್ಟಿಹಾಕುವ ಕಂಬ ಎರಡೂ ಎದ್ದವು, ನಡುವಿನ ನಿಲ್ದಾಣಕ್ಕೆ ಈಜಿಪ್ಟಿನ ಇಸ್ಮೈಲಿಯಾದಲ್ಲಿ ಇನ್ನೊಂದು ಕಂಬ. ಕಲಬುರಗಿ ಕೋಟೆಯ ಜಾಮಾ ಮಸೀದಿ ಉದ್ದ 216 ಅಡಿ. ಅಂಥ ಮೂರನ್ನು ಸಾಲಾಗಿ ಇಟ್ಟರೂ ಆ ಹ್ಯಾಂಗರಿನೊಳಗೆ ಹಿಡಿಸುತ್ತಾವೆ. ಆದರೆ ಒಂದೂ ವಾಯುನೌಕೆ ಅಲ್ಲಿಗೆ ಬರಲಿಲ್ಲ.

ಬರಬೇಕಿದ್ದದ್ದು ಆರ್ 101. ಉಷ್ಣದೇಶದಲ್ಲಿ ಪೆಟ್ರೋಲ್ ಆವಿ ಅಪಾಯ ಅಂತ ಡೀಸೆಲ್ ಎಂಜಿನ್ ಹಾಕಿದರು, ಐದು, ಒಂದೊಂದೂ ಎರಡು ಟನ್ ಮೇಲೆ. ಬಿಸಿಲಿಗೆ ಹೆದರಿ ಮಾಡಿದ ಆಯ್ಕೆಯೇ ಬಿಸಿಲಿಗೆ ಬೇಕಾದ ಶಕ್ತಿ ತಿಂದಿತು. 60 ಟನ್ ಸಾಮಾನು ಹೊರಬೇಕಾದದ್ದು ಕಟ್ಟಿ ಮುಗಿಸಿದಾಗ 35 ಟನ್ ಹೊರುತ್ತಿತ್ತು. ಅದನ್ನು ಸರಿಮಾಡಲು ಚೀಲ ಹಿಡಿದ ತಂತಿಬಲೆ ಸಡಿಲಿಸಿ ಚೀಲ ದೊಡ್ಡದು ಮಾಡಿದರು. ಚೀಲ ಹೋಗಿ ತೊಲೆಯ ಮೊಳೆತುದಿಗಳಿಗೆ ಉಜ್ಜಿ ತೂತು ಬಿತ್ತು. ತೂತಿಗೆ ಸಾವಿರಾರು ಮೆತ್ತೆ ಕಟ್ಟಿದರು. ಮೆತ್ತೆಯಡಿ ನೀರು ನಿಂತರೆ ತುಕ್ಕು. ಆಮೇಲೆ ನಡುವಿಗೆ ಕತ್ತರಿಸಿ ಒಂದು ಖಾನೆ ಸೇರಿಸಿ 777 ಅಡಿ ಮಾಡಿದರು, ಪೂರ್ತಿ ವೇಗದ ಪರೀಕ್ಷೆ ಮಾಡದೆಯೇ 1930ರ ಅಕ್ಟೋಬರ್ 4ರ ಸಂಜೆ ಮಳೆಯಲ್ಲಿ ಹೊರಟರು. ಮರುದಿನ ನಸುಕಿಗೆ ಫ್ರಾನ್ಸಿನ ಬೋವೆ ಹತ್ತಿರ ನೆಲಕ್ಕೆ ತಾಗಿ ಹೊತ್ತಿತು. 54ರಲ್ಲಿ 48 ಸಾವು, ವಾಯುಯಾನ ಮಂತ್ರಿ ಲಾರ್ಡ್ ಥಾಮ್ಸನ್ ಸೇರಿ. ನಮ್ಮ ಬಿಸಿಲು ಅದನ್ನು ಪರೀಕ್ಷೆ ಮಾಡುವ ಹಂತಕ್ಕೇ ಬರಲಿಲ್ಲ.

ಇನ್ನು ಹುಡುಗರ ಮಾದರಿ. 200ಕ್ಕೆ 1 ಅಂದರೆ 122 ಸೆಂಟಿಮೀಟರ್ ಉದ್ದ, ನಡುವಿನಲ್ಲಿ 20 ಸೆಂಟಿಮೀಟರ್ ದಪ್ಪ. ಉದ್ದ 200 ಪಾಲು ಇಳಿದರೆ ಗಾತ್ರ 80 ಲಕ್ಷ ಪಾಲು ಇಳಿಯುತ್ತದೆ: 2 ಲಕ್ಷ ಘನಮೀಟರಿನ ಬದಲು 25 ಲೀಟರ್. ಕಲಬುರಗಿ ಬೇಸಿಗೆಯಲ್ಲಿ 25 ಲೀಟರ್ ಹೀಲಿಯಂ ಎತ್ತುವುದು 23 ಗ್ರಾಂ. ಒಂದು ಎ4 ಹಾಳೆಯೇ 5 ಗ್ರಾಂ. ಮೈ ಮುಚ್ಚಲು ಸುಮಾರು ಮುಕ್ಕಾಲು ಚದರಮೀಟರಿಗೆ ಕಡಿಮೆ ಬೇಕು. ಹಳೆ ಪೇಪರ್ ಅಂಟಿಸಿದರೆ ಅದೇ 30 ಗ್ರಾಂ, ಬಿದಿರು ಕಡ್ಡಿಯ ಮಾತು ಆಮೇಲೆ. ಹಾರುವುದಿಲ್ಲ. ಎರಡರಷ್ಟು ಉದ್ದ ಮಾಡಿದರೆ, ಅಂದರೆ ಎರಡೂವರೆ ಮೀಟರ್, ಎತ್ತುವುದು ಎಂಟು ಪಾಲು, 180 ಗ್ರಾಂ. ಹೊದಿಕೆ ನಾಲ್ಕೇ ಪಾಲು. ಹೊಳೆಯುವ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಬರೀ ಚೀಲ ಮಾಡಿ, ಬಳೆಗಳನ್ನು ಹೊರಗೆ ಬಣ್ಣದಲ್ಲಿ ಬರೆದರೆ ಹಾರುತ್ತದೆ. ಚೌಕಟ್ಟು ತೋರಿಸಬೇಕು ಅಂದರೆ ಇನ್ನೊಂದು ಮಾದರಿ ಮಾಡಿ ದಾರಕ್ಕೆ ತೂಗುಹಾಕಿರಿ. ಅದರೊಳಗೆ ಹತ್ತು ಹನ್ನೆರಡು ಉದ್ದ ಬಲೂನು ಬೇರೆ ಬೇರೆ ಬಣ್ಣದವು ಇಟ್ಟರೆ ಖಾನೆ ಖಾನೆಯ ಚೀಲ ಅಂದರೇನು ಅಂತ ನೋಡಿದವರಿಗೆ ಒಂದೇ ಸಲಕ್ಕೆ ತಿಳಿಯುತ್ತದೆ. ಒಂದನ್ನು ಸೂಜಿಯಿಂದ ಚುಚ್ಚಿ ತೋರಿಸಿರಿ, ಉಳಿದವು ನಿಂತೇ ಇರುತ್ತವೆ.

ಒಂದು ಕಟ್ಟುನಿಟ್ಟು. ಹೀಲಿಯಂ ದುಬಾರಿ ಅಂತ ಯಾರಾದರೂ ಶರಣಬಸವೇಶ್ವರ ಜಾತ್ರೆಯ ಬಲೂನಿನವರ ಹಾಗೆ ಸಿಲಿಂಡರಿನಲ್ಲಿ ಕಾಸ್ಟಿಕ್ ಸೋಡಾ, ಅಲ್ಯುಮಿನಿಯಂ ಚೂರು, ನೀರು ಹಾಕಿ ಗ್ಯಾಸ್ ಮಾಡೋಣ ಅಂದರೆ ಒಪ್ಪಬೇಡಿರಿ. ಸೈನ್ಯದವರೂ ಯುದ್ಧಭೂಮಿಯಲ್ಲಿ ಹೆಚ್ಚು ಕಡಿಮೆ ಹೀಗೇ ಮಾಡುತ್ತಿದ್ದರು, ಅಲ್ಯುಮಿನಿಯಂ ಬದಲು ಫೆರೊಸಿಲಿಕಾನ್ ಹಾಕಿ. ಆದರೆ ಅವರ ಪಾತ್ರೆಗೆ ತಣ್ಣೀರಿನ ಸುತ್ತು, ಒತ್ತಡ ಬಿಡುವ ಕವಾಟ ಇದ್ದವು. ಈ ಕ್ರಿಯೆ ತಾನೇ ಕಾಯುತ್ತದೆ, ಕಾದಷ್ಟೂ ಜೋರಾಗುತ್ತದೆ. ಹಳೆ ತುಕ್ಕಿನ ಸಿಲಿಂಡರ್ ಮುಚ್ಚಳ ಬಿಗಿದ ಎರಡು ನಿಮಿಷಕ್ಕೆ ಒಡೆಯಬಹುದು. ಒಳಗೆ ಮೊದಲಿದ್ದ ಗಾಳಿ ಪೂರ್ತಿ ಹೋಗದೆ ತುಂಬಿದ ಬಲೂನಿನಲ್ಲಿ ಇರುವುದು ಕುಸುರಿಯವರು ಹೇಳಿದ ಆ 4ರಿಂದ 75ರ ನಡುವಿನ ಮಿಶ್ರಣವೇ.

ತೊಗರಿ ಕಣಜ:

ಎರಡೂವರೆ ಮೀಟರಿಂದು ಒಂದು, ತೂಗುಹಾಕೋದು ಒಂದು, ಹಂಗೇ ಮಾಡಸ್ತೀನಿ. ಪ್ಲಾಸ್ಟಿಕ್ ಹಾಳಿ ಅಂಟಸಲಿಕ್ಕೆ ಇಸ್ತ್ರಿ ನಡೀತದೇನ್ರಿ, ಇಲ್ಲ ಟೇಪೇ ಬೇಕೇನು?

ಭೀಮಾ ದಂಡೆ:

ಹಾಳೆ ಯಾವುದು ಅನ್ನೋದರ ಮೇಲೆ. ಎರಡೂ ಮೈ ಹೊಳೆಯುವುದಾದರೆ ಇಸ್ತ್ರಿಗೆ ಅಂಟುವುದಿಲ್ಲ, ಸುಕ್ಕಾಗುತ್ತದೆ. ಒಂದು ಮೈ ಮಂಕಾಗಿದ್ದರೆ ಅಲ್ಲಿ ಪಾಲಿಥಿನ್ ಪದರ ಇರುವ ಸಾಧ್ಯತೆ ಹೆಚ್ಚು. ಮಂಕು ಮೈಗಳನ್ನು ಎದುರುಬದುರು ಇಟ್ಟು, ಮೇಲೆ ಬಿಳಿ ಕಾಗದ ಹಾಸಿ, ಕಡಿಮೆ ಬಿಸಿಯಲ್ಲಿ ನಿಧಾನ ಎಳೆಯಿರಿ. ಮೊದಲು ಚೂರೊಂದರ ಮೇಲೆ ನೋಡಿಕೊಳ್ಳಿ. ಟೇಪಾದರೆ ತೂಕ ಹಾಕಿ ಲೆಕ್ಕಕ್ಕೆ ಹಿಡಿಯಿರಿ, ಉದ್ದ ಜೋಡಣೆಗಳಿಗೆ 20-30 ಗ್ರಾಂ ಅದೇ ತಿನ್ನುತ್ತದೆ.